ಮಿಲಿಮೀಟರಿನೊಳಗೆ ನಡೆಯುವ ಭೂಕಂಪ

ಲಾಸ್ ಏಂಜಲೀಸ್ ನಗರದಾಚೆಯ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲಿನಲ್ಲಿ ಪಂಚ್‌ಬೌಲ್ ಎಂಬ ಸ್ತರಭಂಗವಿದೆ. ಹೆಸರಾಂತ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಹಳೆಯ ಕವಲು ಇದು; ಈಗ ಚಟುವಟಿಕೆ ನಿಂತಿದೆ. ಇದರ ಎರಡು ಬದಿಯ ಬಂಡೆಗಳು ಒಂದನ್ನೊಂದು ಉಜ್ಜುತ್ತ ಒಟ್ಟು ಸುಮಾರು 44 ಕಿ.ಮೀ. ಸರಿದಿವೆ. ಹಿಂದೆ ಕೆಲವು ಕಿಲೋಮೀಟರ್ ಆಳದಲ್ಲಿದ್ದ ಈ ಭಾಗ, ಮೇಲಿನ ನೆಲ ಸವೆದುಹೋದದ್ದರಿಂದ ಇಂದು ಕೈಗೆಟುಕುತ್ತದೆ.

ಇಷ್ಟು ದೂರ ಸರಿದದ್ದು ಎಲ್ಲಿ? ಸುತ್ತ ಹತ್ತಾರು ಮೀಟರ್ ಅಗಲಕ್ಕೆ ಬಂಡೆ ಬಿರುಕು ಬಿಟ್ಟಿದೆ. ನಡುವೆ, ಕೆಲವು ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗಿನ ದಪ್ಪದಲ್ಲಿ, ನುಣ್ಣಗೆ ಅರೆದುಹೋದ ಕಪ್ಪು ಪದರವಿದೆ. ಆ ಪದರದೊಳಗೂ ಸರಿತ ಹಂಚಿಹೋಗಿಲ್ಲ. ಅದರ ಬಹುಪಾಲು ಸುಮಾರು ಒಂದು ಮಿಲಿಮೀಟರ್ ದಪ್ಪದ ಒಂದೇ ಗೆರೆಯಲ್ಲಿ ಕೇಂದ್ರೀಕೃತವಾಗಿದೆ ಎಂದು ಫ್ರೆಡರಿಕ್ ಚೆಸ್ಟರ್ ಮತ್ತು ಜೂಡಿತ್ ಚೆಸ್ಟರ್ 1998ರಲ್ಲಿ ತೋರಿಸಿದರು.

ಇಂಥ ಗೆರೆಯನ್ನು ಓದುವುದು ತಾಳ್ಮೆಯ ಕಸುಬು. ಅರೆದ ಬಂಡೆ ಮುಟ್ಟಿದರೆ ಉದುರುತ್ತದೆ. ಆದ್ದರಿಂದ ತುಣುಕನ್ನು ಬಿಡಿಸುವ ಮೊದಲೇ ಅದರ ಮೇಲೆ ಬಾಣದ ಗುರುತು ಹಾಕಬೇಕು: ಮೇಲೆ ಯಾವುದು, ಸರಿದ ದಿಕ್ಕು ಯಾವುದು. ಈ ಗುರುತು ತಪ್ಪಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಬಳಿಕ ಗಾಳಿ ಹೊರತೆಗೆದ ಪಾತ್ರೆಯಲ್ಲಿ ತುಣುಕಿಗೆ ಎಪಾಕ್ಸಿ ಅಂಟು ಕುಡಿಸಿ ಗಟ್ಟಿಮಾಡುತ್ತಾರೆ. ನೀರು ತಾಗಿದರೆ ಊದಿಕೊಳ್ಳುವ ಜೇಡಿ ಇದ್ದರೆ ಕೊಯ್ಯುವಾಗ ನೀರಿನ ಬದಲು ಎಣ್ಣೆ ಬಳಸುತ್ತಾರೆ. ಸರಿದ ದಿಕ್ಕಿಗೆ ಸಮಾನಾಂತರವಾಗಿ, ಪದರಕ್ಕೆ ಅಡ್ಡಲಾಗಿ ಕೊಯ್ದ ಬಿಲ್ಲೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿ.ಮೀ. ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ.

ದಪ್ಪ ಸರಿಯಾಯಿತೆಂದು ಹೇಳುವುದು ಬೆಣಚುಕಲ್ಲಿನ ಕಣಗಳು. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅವು ಹಳದಿಯಾಗಿ ಕಂಡರೆ ಬಿಲ್ಲೆ ಇನ್ನೂ ದಪ್ಪ. ಬೂದು–ಬಿಳಿಗೆ ತಿರುಗಿದರೆ ಕೈ ನಿಲ್ಲಿಸಬೇಕು. ಆಮೇಲೆ ವೇದಿಕೆಯನ್ನು ಮೆಲ್ಲಗೆ ತಿರುಗಿಸುತ್ತ ನೋಡಬೇಕು. ದಿಕ್ಕಿಲ್ಲದೆ ಚೆದುರಿದ ಕಣಗಳು ಒಂದೊಂದಾಗಿ ಬೆಳಗಿ ಒಂದೊಂದಾಗಿ ಕಪ್ಪಾಗುತ್ತವೆ. ನಡುವಿನ ಗೆರೆಯಲ್ಲಿ ಮಾತ್ರ ಜೇಡಿಯ ಕಣಗಳೆಲ್ಲ ಸರಿತದ ದಿಕ್ಕಿಗೆ ಸಾಲುಗಟ್ಟಿರುವುದರಿಂದ ಇಡೀ ಪಟ್ಟಿ ಒಟ್ಟಿಗೆ ಬೆಳಗಿ ಒಟ್ಟಿಗೆ ಕಪ್ಪಾಗುತ್ತದೆ. ನೆಲ ಸರಿದ ಜಾಗ ಅದೇ.

ಸರಿತ ಹೀಗೆ ಕಿರಿದಾಗಲು ಕಾರಣವಿದೆ. ಬಂಡೆಯಲ್ಲಿ ಯಾವ ಭಾಗ ಮೊದಲು ಸೋಲುತ್ತದೋ ಅದು ಅರೆದು ನುಣ್ಣಗಾಗಿ ಇನ್ನಷ್ಟು ದುರ್ಬಲವಾಗುತ್ತದೆ; ಮುಂದಿನ ಸರಿತವೂ ಅಲ್ಲೇ ನಡೆಯುತ್ತದೆ. ಭೂಕಂಪದಲ್ಲಿ ಬದಿಗಳು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಸರಿಯುವಾಗ ಉಜ್ಜಾಟದ ಶಾಖವೆಲ್ಲ ಆ ತೆಳು ಪದರದಲ್ಲೇ ಸೇರುತ್ತದೆ. ಒಂದು ಮೀಟರ್ ದಪ್ಪಕ್ಕೆ ಹರಡಿದರೆ ಹತ್ತಾರು ಡಿಗ್ರಿಯಷ್ಟೇ ಏರಿಸಬಲ್ಲ ಶಾಖ, ಒಂದು ಮಿಲಿಮೀಟರಿನಲ್ಲಿ ಬಂಡೆಯನ್ನೇ ಕರಗಿಸಬಹುದು. ಕೆಲವು ಸ್ತರಭಂಗಗಳಲ್ಲಿ ಹಾಗೆ ಕರಗಿ ಗಾಜಾದ ಕಪ್ಪು ಎಳೆಗಳು ಸಿಕ್ಕಿವೆ. ಇನ್ನು ಕೆಲವೆಡೆ ರಂಧ್ರಗಳಲ್ಲಿ ಸಿಲುಕಿದ ನೀರು ಕಾದು ಹಿಗ್ಗಲು ಜಾಗವಿಲ್ಲದೆ ಎರಡು ಬದಿಗಳನ್ನು ದೂರ ತಳ್ಳುತ್ತದೆ. ಆಗ ಘರ್ಷಣೆ ಕುಸಿದು ಸರಿತ ಇನ್ನಷ್ಟು ಸಲೀಸಾಗುತ್ತದೆ.

ಇದೇ ಕಸುಬು ಸಮುದ್ರದಡಿಗೂ ಇಳಿದಿದೆ. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಸಾಗರ ಕಂದಕದ ಬಳಿಯ ಸಮುದ್ರತಳ ಸುಮಾರು 50 ಮೀಟರ್ ಸರಿಯಿತು. ಮರುವರ್ಷ 'ಚಿಕ್ಯೂ' ಹಡಗು ಸುಮಾರು 6,900 ಮೀಟರ್ ನೀರಿನ ಕೆಳಗೆ, ಸಮುದ್ರತಳದಿಂದ ಮತ್ತೆ 800 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದು ಸ್ತರಭಂಗದ ತುಣುಕನ್ನು ಮೇಲೆತ್ತಿತು. ಸ್ತರಭಂಗದ ದಪ್ಪ ಐದು ಮೀಟರಿಗೂ ಕಡಿಮೆ. ಅದರಲ್ಲಿ ತುಂಬಿದ್ದು ಜಾರುವ ಸ್ಮೆಕ್ಟೈಟ್ ಜೇಡಿ. ಕೊರೆದ ರಂಧ್ರದಲ್ಲಿಟ್ಟ ತಾಪಮಾಪಕಗಳು ಸ್ತರಭಂಗದಲ್ಲಿ ಸುತ್ತಲಿಗಿಂತ ಸುಮಾರು 0.3 ಡಿಗ್ರಿ ಹೆಚ್ಚಿನ ತಾಪ ತೋರಿದವು. ಅದರಿಂದ ಲೆಕ್ಕಹಾಕಿದ ಘರ್ಷಣಾಂಕ ಸುಮಾರು 0.08, ಸಾಮಾನ್ಯ ಬಂಡೆಗಳಲ್ಲಿ ಅದು 0.6ರ ಮೇಲಿರುತ್ತದೆ.

ಭೂಕಂಪಮಾಪಕಗಳು ಅಲೆಗಳನ್ನು ದೂರದಿಂದ ಅಳೆಯುತ್ತವೆ. ಉಜ್ಜಾಟ ಎಷ್ಟು ದಪ್ಪದಲ್ಲಿ ನಡೆಯಿತು ಎಂಬುದನ್ನು ಅವು ಹೇಳಲಾರವು. ಆ ಒಂದು ಅಂಕಿ ಇಲ್ಲದೆ ಶಾಖ, ಘರ್ಷಣೆ, ಸರಿತದ ಲೆಕ್ಕ ಯಾವುದೂ ಪೂರ್ಣವಾಗುವುದಿಲ್ಲ. ಅದನ್ನು ಕೊಡುವುದು ಗಾಜಿನ ಪಟ್ಟಿಯ ಮೇಲಿನ ಬಂಡೆಯ ಬಿಲ್ಲೆ.