ಊರಲ್ಲಿ ಅಪ್ಪನ ಆಪರೇಷನ್, ನೀವು ನಾಗ್ಪುರದಲ್ಲಿ: ವೈದ್ಯರ ಮೇಲೆ ದೂರು ಕೊಡೋದು ಎಲ್ಲಿ, ಹೇಗೆ?

ಮಿಹಾನ್‌ನಲ್ಲಿ ಕೆಲಸ, ವರ್ಧಾ ರಸ್ತೆಯಲ್ಲಿ ಮನೆ, ಅಪ್ಪ-ಅಮ್ಮ ಮಾತ್ರ ಊರಲ್ಲಿ. ನಮ್ಮಲ್ಲಿ ಬಹಳ ಜನರ ಪರಿಸ್ಥಿತಿ ಇದೇ. ಊರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ತಪ್ಪಾಗಿದೆ ಅಂತ ಅನಿಸಿದ್ರೂ, "ಕೇಸ್‌ಗೋಸ್ಕರ ದಾವಣಗೆರೆಗೆ ಎಷ್ಟು ಸಲ ಓಡಾಡೋದು?" ಅಂತ ಸುಮ್ಮನಾಗಿಬಿಡ್ತೀವಿ. ಆದ್ರೆ ಕಾನೂನು ಬದಲಾಗಿದೆ, ಅದನ್ನೇ ಇವತ್ತು ನೋಡೋಣ.

ಯಾವುದು ನಿರ್ಲಕ್ಷ್ಯ?

ಮೊದಲು ಒಂದು ಮಾತು ಸ್ಪಷ್ಟ ಇರಲಿ. ಚಿಕಿತ್ಸೆ ಫಲಿಸಲಿಲ್ಲ ಅಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಅಲ್ಲ. ಅದೇ ವಿಭಾಗದ ಒಬ್ಬ ಸಾಧಾರಣ ಅನುಭವಿ ವೈದ್ಯರು ವಹಿಸುವಷ್ಟು ಎಚ್ಚರಿಕೆಯನ್ನೂ ವಹಿಸದಿದ್ದರೆ, ಅದರಿಂದಲೇ ಹಾನಿಯಾಗಿದ್ದರೆ, ಆಗ ಅದು ನಿರ್ಲಕ್ಷ್ಯ. ಅದನ್ನು ತೋರಿಸಿಕೊಡುವ ಹೊಣೆ ದೂರು ಕೊಡುವವರದ್ದು.

ಐಟಿಯವರು ತಿಳಿದಿರಬೇಕಾದ ಕೇಸ್ ಒಂದಿದೆ. 1990ರಲ್ಲಿ ಪ್ರಶಾಂತ್ ಧನಂಕ ಇಂಜಿನಿಯರಿಂಗ್ ವಿದ್ಯಾರ್ಥಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಎದೆಯ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತು. ಗಡ್ಡೆ ಬೆನ್ನುಮೂಳೆವರೆಗೂ ಹೋಗಿದ್ದರೂ ನರಶಸ್ತ್ರತಜ್ಞರನ್ನು ಜೊತೆಗೆ ಸೇರಿಸಿಕೊಂಡಿರಲಿಲ್ಲ. ಒಪ್ಪಿಗೆ ಪಡೆದಿದ್ದು ಬಯಾಪ್ಸಿಗೆ, ತೆಗೆದಿದ್ದು ಇಡೀ ಗಡ್ಡೆ. ಮುಂದೆ ಅವರು ಇನ್ಫೋಸಿಸ್ ಸೇರಿದರು, ಸುಪ್ರೀಂ ಕೋರ್ಟಿನಲ್ಲಿ ತಮ್ಮ ಕೇಸನ್ನು ತಾವೇ ವಾದಿಸಿದರು. 2009ರ ಮೇ ತಿಂಗಳಲ್ಲಿ ಬಂದ ತೀರ್ಪು 1 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆದ್ರೆ ನೋಡಿ, ಆಪರೇಷನ್ ಆಗಿ ಅಷ್ಟೊತ್ತಿಗೆ 18 ವರ್ಷ ಕಳೆದಿತ್ತು.

ಎಲ್ಲಿಗೆ ಹೋಗಬೇಕು?

ದಾರಿ ಮೂರು. ಪೊಲೀಸರ ಹತ್ತಿರ ಹೋದರೆ ಅದು ಕ್ರಿಮಿನಲ್ ಕೇಸ್. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಅದಕ್ಕೆ ಘೋರ ನಿರ್ಲಕ್ಷ್ಯ ಇರಬೇಕು, ಬೇರೆ ವೈದ್ಯರ ಸ್ವತಂತ್ರ ಅಭಿಪ್ರಾಯವೂ ಬೇಕು. ಎರಡನೆಯದು ಮೆಡಿಕಲ್ ಕೌನ್ಸಿಲ್. ಕರ್ನಾಟಕದಲ್ಲಿ ನೋಂದಣಿ ಆದ ವೈದ್ಯರಾದರೆ ಬೆಂಗಳೂರಿನ ಕೌನ್ಸಿಲ್, ಮಹಾರಾಷ್ಟ್ರದವರಾದರೆ ಮುಂಬೈನದು. ಕೌನ್ಸಿಲ್ ವೈದ್ಯರಿಗೆ ಎಚ್ಚರಿಕೆ ಕೊಡಬಹುದು, ನೋಂದಣಿಯನ್ನೂ ತೆಗೆಯಬಹುದು. ಆದ್ರೆ ನಿಮಗೆ ಹಣ ಕೊಡಿಸಲ್ಲ.

ಪರಿಹಾರ ಬೇಕಿದ್ದರೆ ಮೂರನೆಯದು, ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆಗೆ ಇದು ಅನ್ವಯಿಸಲ್ಲ.

ನಮಗೆ ಮುಖ್ಯವಾದದ್ದು ಇಲ್ಲಿದೆ. ಮೊದಲೆಲ್ಲ ಆಸ್ಪತ್ರೆ ಎಲ್ಲಿದೆಯೋ ಅಥವಾ ತಪ್ಪು ಎಲ್ಲಿ ನಡೆಯಿತೋ ಅಲ್ಲಿಗೇ ಹೋಗಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೂರುದಾರರು ಎಲ್ಲಿ ವಾಸವಾಗಿದ್ದಾರೋ, ಎಲ್ಲಿ ಕೆಲಸ ಮಾಡ್ತಾರೋ ಅಲ್ಲೂ ದೂರು ಕೊಡಬಹುದು. ಅಪ್ಪನ ಚಿಕಿತ್ಸೆಗೆ ದುಡ್ಡು ಕಟ್ಟಿದ್ದು ನೀವಾದರೆ ನೀವೂ ಗ್ರಾಹಕರೇ. ಅಂದ್ರೆ ದಾವಣಗೆರೆ ಆಸ್ಪತ್ರೆಯ ಮೇಲಿನ ದೂರನ್ನು ನಾಗ್ಪುರದ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಕಟ್ಟಿದ ಬಿಲ್ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಿಡಿಯೋ ಮೂಲಕ ಹಾಜರಾಗಲು ಅನುಮತಿಯನ್ನೂ ಕೇಳಬಹುದು.

ಈಗಲೇ ಮಾಡಬೇಕಾದದ್ದು

ಇದಕ್ಕೆ 2 ವರ್ಷದ ಗಡುವು ಇದೆ. ತಡವಾದರೆ ಸರಿಯಾದ ಕಾರಣ ಕೊಡಬೇಕು, ಆಯೋಗ ಒಪ್ಪಬೇಕು. ಹಾಗಾಗಿ ಜಗಳಕ್ಕೆ ಮೊದಲು ಕಾಗದ. ಕೇಸ್ ಶೀಟ್, ಆಪರೇಷನ್ ನೋಟ್, ಸಹಿ ಹಾಕಿದ ಒಪ್ಪಿಗೆ ಪತ್ರ, ಸ್ಕ್ಯಾನ್, ಬಿಲ್ ಎಲ್ಲದರ ಪ್ರತಿ ಬೇಕು ಅಂತ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ನೀವು ದೂರದಿಂದ ಕೇಳ್ತಿದ್ದರೆ ಅಪ್ಪನ ಸಹಿ ಇರುವ ಅಧಿಕಾರ ಪತ್ರ ಜೊತೆಗಿಡಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲಲ್ಲ.

ಆ ದಾಖಲೆಗಳನ್ನು ಅದೇ ವಿಭಾಗದ ಇನ್ನೊಬ್ಬ ವೈದ್ಯರಿಗೆ ತೋರಿಸಿ. ತಪ್ಪಿಲ್ಲ ಅಂತ ಅವರು ಹೇಳಿದರೆ ಮನಸ್ಸಿಗೆ ಸಮಾಧಾನ. ತಪ್ಪಿದೆ ಅಂದರೆ ಲಿಖಿತವಾಗಿ ಅಭಿಪ್ರಾಯ ಕೇಳಿ, ನಿಮ್ಮ ದೂರಿಗೆ ಬಲ ಬರುತ್ತೆ.

ಊರಲ್ಲಿ ಅಪ್ಪ-ಅಮ್ಮನನ್ನು ಬಿಟ್ಟು ಬಂದಿರುವ ಸ್ನೇಹಿತರಿಗೆ ಇದನ್ನು ಕಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.