ಶರದೃತುವಿನ ತೂಗುಬುಟ್ಟಿ: ಹೂವಿಗಿಂತ ಮೊದಲು ಬೇರು ನೋಡಿ

ಮುಂಗಾರು ಹಿಂದೆ ಸರಿದು, ಮನೆಗೆ ಸುಣ್ಣ ಬಳಿಯುವ ನವರಾತ್ರಿ, ದೀಪಾವಳಿಗಳ ಕಾಲ ಬಂದಿತೆಂದರೆ ಜಗಲಿಯ ತೊಲೆಗೆ ಒಂದೆರಡು ಹೂಬುಟ್ಟಿ ತೂಗುಹಾಕುವ ಆಸೆ ಅನೇಕರಿಗೆ ಉಂಟು. ಪಟ್ಟಣದ ಸಸ್ಯಾಗಾರದಿಂದ ಮೈತುಂಬ ಹೂಬಿಟ್ಟ ಗಿಡವನ್ನು ತರುತ್ತೀರಿ. ಕಾರ್ತಿಕ ಮುಗಿಯುವಷ್ಟರಲ್ಲಿ ಅದು ಒಣಗಿ ಕಡ್ಡಿಯಾಗಿರುತ್ತದೆ. ಸರಿಯಾಗಿ ನೀರು ಹಾಕಲಿಲ್ಲವೆಂದು ಮನೆಯ ಹೆಂಗಸರ ಮೇಲೆ ದೂರು ಬರುತ್ತದೆ. ಆದರೆ ತಪ್ಪು ಬಹುಮಟ್ಟಿಗೆ ನೀರು ಹೊತ್ತು ಹಾಕಿದವರದಲ್ಲ, ಗಿಡವನ್ನು ಆರಿಸಿದವರದು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 30 ಸೆಂ.ಮೀ. ಅಗಲದ, ಅರ್ಧಗೋಳದಂತಹ ಬುಟ್ಟಿಯಲ್ಲಿ ಅಂಚು ಬಿಟ್ಟು ತುಂಬಿದರೆ ಸುಮಾರು 6 ಲೀಟರ್ ಮಣ್ಣು ಹಿಡಿಯುತ್ತದೆ. ಅದು ನಿಮ್ಮ ಹೊಲದ ಮರಳುಮಿಶ್ರಿತ ಕೆಂಪು ಮಣ್ಣಾದರೆ, ಅದರಿಂದ ಗಿಡ ಹೀರಿಕೊಳ್ಳಬಲ್ಲ ನೀರು ಹೆಚ್ಚೆಂದರೆ ಮುಕ್ಕಾಲು ಲೀಟರ್. ಹೊಲದಲ್ಲಿ ತೊಗರಿಯ ಬೇರು ಮೀಟರಿಗೂ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಬುಟ್ಟಿಯ ಗಿಡಕ್ಕೆ ಆ ದಾರಿಯೇ ಇಲ್ಲ. ಮೇಲಾಗಿ ಗಾಳಿ ಅದಕ್ಕೆ ಮೇಲಿನಿಂದ, ಪಕ್ಕದಿಂದ, ಅಡಿಯಿಂದ ತಾಗುತ್ತದೆ. ಮಳೆ ನಿಂತು ಮೂಡಣದ ಒಣಗಾಳಿ ಬೀಸತೊಡಗಿದಾಗ ಚೆನ್ನಾಗಿ ಬೆಳೆದ ಗಿಡ ಆ ಮುಕ್ಕಾಲು ಲೀಟರನ್ನು ಒಂದೇ ದಿನದಲ್ಲಿ ಮುಗಿಸಿಬಿಡಬಲ್ಲದು. ಸುಗ್ಗಿಯ ಕೆಲಸ ಹತ್ತಿರವಾಗುವ ಆ ದಿನಗಳಲ್ಲಿ ನಿತ್ಯ ಎರಡು ಹೊತ್ತು ಬುಟ್ಟಿಗೆ ನೀರು ಎತ್ತುವವರು ಯಾರು? ಈ ಪ್ರಶ್ನೆಗೆ ಉತ್ತರ ಕಂಡುಕೊಂಡು ಆಮೇಲೆ ಗಿಡ ಕೊಳ್ಳಿರಿ.

ಆದ್ದರಿಂದ ಮೊದಲು ನೋಡತಕ್ಕದ್ದು ಗಿಡದ ಬೇರನ್ನು ಮತ್ತು ಎಲೆಯನ್ನು. ನೀರನ್ನು ಕೂಡಿಟ್ಟುಕೊಳ್ಳುವ ಅಂಗವಿರುವ ಗಿಡ ಒಂದೆರಡು ದಿನದ ಮರೆವನ್ನು ತಾಳಿಕೊಳ್ಳುತ್ತದೆ. ಬಿಳಿಗೆರೆಯ ಎಲೆಗಳ ಜೇಡಗಿಡ, ಅಂದರೆ ಕ್ಲೋರೋಫೈಟಂ, ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬೇರುಗಳು ಬೆರಳಿನಂತೆ ದಪ್ಪಗೆ, ನೀರು ತುಂಬಿಕೊಂಡು ಇರುತ್ತವೆ. ನೆರಳಿನ ಪಡಸಾಲೆಗೆ ಇದಕ್ಕಿಂತ ಭರವಸೆಯ ಗಿಡ ನಾನು ಕಾಣೆ. ತೂಗುಬೀಳುವ ಅದರ ಕುಡಿಗಳ ತುದಿಯಲ್ಲಿ ಮರಿಗಳು ಹುಟ್ಟುತ್ತವೆ. ಒಂದು ಗಿಡ ತಂದರೆ ಮತ್ತೆ ಕೊಳ್ಳುವ ಅಗತ್ಯವಿಲ್ಲ. ಶತಾವರಿಯ ಬಳಗದ ಆಸ್ಪರಾಗಸ್ ಸ್ಪ್ರೆಂಗೇರಿಗೂ ಬೇರಿನಲ್ಲಿ ಸಣ್ಣ ಗಡ್ಡೆಗಳಿದ್ದು, ಅದೂ ಗಟ್ಟಿ ಜೀವ.

ಎಲೆಯಲ್ಲಿ ನೀರಿಡುವವುಗಳ ಪೈಕಿ ನಿಮ್ಮ ಹಿತ್ತಲಿನ ದೊಡ್ಡಪತ್ರೆಯನ್ನು ಮರೆಯಬೇಡಿ. ಗೇಣುದ್ದದ ನಾಲ್ಕು ಕಡ್ಡಿ ಊರಿದರೆ ಬೇಗ ಬೇರೂರಿ ಬುಟ್ಟಿಯ ಅಂಚಿನಿಂದ ಇಳಿಬೀಳುತ್ತದೆ. ತಂಬುಳಿಗೂ ಆಯಿತು, ಮಗುವಿನ ಕೆಮ್ಮಿಗೂ ಆಯಿತು. ಕಾಸು ಕೊಟ್ಟು ತಂದದ್ದು ಮಾತ್ರ ಅಲಂಕಾರವೆಂಬ ಭಾವನೆ ನಮ್ಮಲ್ಲಿ ಏಕೋ ಬೇರೂರಿದೆ. ಸಿಹಿಗೆಣಸಿನ ಬಳ್ಳಿಯೂ ಹಾಗೆಯೇ. ನೇರಳೆ ಮತ್ತು ಎಳೆಹಸಿರು ಎಲೆಯ ತಳಿಗಳನ್ನು ಪಟ್ಟಣಗಳಲ್ಲಿ ತೂಗುಬುಟ್ಟಿಗೆಂದೇ ಮಾರುತ್ತಾರೆ. ಅದು ನೀರು ಹೆಚ್ಚು ಕುಡಿಯುತ್ತದೆ, ಆದರೆ ಬಾಡಿದರೂ ನೀರು ಸಿಕ್ಕೊಡನೆ ಚೇತರಿಸಿಕೊಳ್ಳುತ್ತದೆ. ಕತ್ತರಿಸಿದ ಬಳ್ಳಿಯನ್ನು ದನ ಸಂತೋಷದಿಂದ ತಿನ್ನುತ್ತದೆ.

ದನದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಬುಟ್ಟಿ ಎತ್ತರದಲ್ಲಿದೆ, ದನದ ಬಾಯಿಗೆ ಎಟುಕದು ಎಂದು ನೀವು ಹೇಳಬಹುದು. ಆದರೆ ಸವರಿದ ಕುಡಿಗಳನ್ನು ಮೇವಿನ ಮೂಲೆಗೆ ಎಸೆಯುವುದು ನಮ್ಮ ಅಭ್ಯಾಸ. ಇಳಿಬೀಳುವ ನೇರಳೆ ಹೂವಿನ ಲಂಟಾನ ಬುಟ್ಟಿಗೆ ಚೆಂದವೇ ಸರಿ. ಆದರೆ ಅದರ ಹತ್ತಿರದ ಸಂಬಂಧಿಯಾದ ಬೇಲಿಯ ಲಂಟಾನ ದನದ ಪಿತ್ತಜನಕಾಂಗವನ್ನು ಕೆಡಿಸಿ, ಬಿಸಿಲಿಗೆ ಚರ್ಮ ಸುಲಿಯುವಂತೆ ಮಾಡುವ ವಿಷಗಿಡ. ನಿತ್ಯಪುಷ್ಪವೂ ವಿಷವುಳ್ಳದ್ದೇ. ಮನಿಪ್ಲಾಂಟಿನ ಎಲೆಯಲ್ಲಿರುವ ಸೂಜಿಯಂತಹ ಹರಳುಗಳು ಬಾಯಿ, ನಾಲಗೆಗಳನ್ನು ಉರಿಯಿಸಿ ಊದಿಸುತ್ತವೆ. ಕರುಗಳೂ ಅಂಬೆಗಾಲಿಡುವ ಮಕ್ಕಳೂ ಇರುವ ಮನೆಗೆ ಈ ಮೂರನ್ನೂ ನಾನು ಶಿಫಾರಸು ಮಾಡಲಾರೆ.

ಇನ್ನು ಹೂವೇ ಬೇಕು ಎನ್ನುವವರಿಗೆ ಈ ಹಂಗಾಮಿನ ರಾಣಿ ಪೆಟುನಿಯಾ. ರಾತ್ರಿಯ ತಂಪು, ಹಗಲು ಐದಾರು ಗಂಟೆಯ ಬಿಸಿಲು ಇದ್ದರೆ ಬುಟ್ಟಿ ಕಾಣದಷ್ಟು ಹೂ ಬಿಡುತ್ತದೆ. ಬಿತ್ತಿದ 10ರಿಂದ 12 ವಾರಕ್ಕೆ ಹೂವಾಗುವುದರಿಂದ ದೀಪಾವಳಿಗೆ ಬೇಕೆಂದರೆ ಆಗಸ್ಟ್ ಮೊದಲ ಭಾಗದಲ್ಲೇ ಸಸಿಮಡಿ ಮಾಡಬೇಕು. ಬೀಜ ಧೂಳಿನಷ್ಟು ಸಣ್ಣದು. ಅದು ಮೊಳೆಯಲು ಬೆಳಕು ಬೇಕಾದುದರಿಂದ ಮೇಲೆ ಮಣ್ಣು ಮುಚ್ಚಬಾರದು. 30 ಸೆಂ.ಮೀ. ಬುಟ್ಟಿಗೆ ಮೂರು ಸಸಿ ಸಾಕು. ತುದಿ ಚಿವುಟಿದರೆ ಕವಲೊಡೆಯುತ್ತವೆ. ಆದರೆ ಇದು ಬಾಯಾರಿಕೆಯ ಗಿಡ. ಮನೆಗೆ ಒಂದೇ ಬುಟ್ಟಿ ಇಟ್ಟುಕೊಳ್ಳಿ, ಮತ್ತು ಅದರೊಳಗೆ ಜೇಡಗಿಡವನ್ನು ಬೆರೆಸಬೇಡಿ. ಒಂದಕ್ಕೆ ಸಾಲದ ನೀರು ಇನ್ನೊಂದರ ಬೇರನ್ನು ಕೊಳೆಸುತ್ತದೆ.

ಪ್ರದೇಶವನ್ನೂ ಗಮನಿಸಬೇಕು. ಬೆಂಗಳೂರು, ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಹೆಚ್ಚು ಮಳೆಯ ತಿಂಗಳುಗಳು. ಮಳೆ ಹೊಡೆತಕ್ಕೆ ಪೆಟುನಿಯಾ ಹೂ ಮುದ್ದೆಯಾಗುವುದರಿಂದ ಬುಟ್ಟಿ ಸೂರಿನ ಒಳಗಿರಲಿ. ಮಲೆನಾಡಿನ ತೇವದ ಗಾಳಿಗೆ ಜರೀಗಿಡ, ಬಿಗೋನಿಯಾ, ಒಂದೆಲಗ ಚೆನ್ನಾಗಿ ಒಗ್ಗುತ್ತವೆ. ಅದೇ ಜರೀಗಿಡವನ್ನು ವಿಜಯಪುರಕ್ಕೆ ಒಯ್ದರೆ ಒಣಗಾಳಿಗೆ ಸೀದುಹೋಗುತ್ತದೆ. ಕರಾವಳಿಯ ಸೆಕೆಯಲ್ಲಿ ಪೆಟುನಿಯಾ ಸೊರಗುವುದರಿಂದ ಅಲ್ಲಿ ಎಲೆಗಿಡಗಳೇ ಲೇಸು.

ಬುಟ್ಟಿಗೆ ಎರೆಮಣ್ಣು ಬೇಡವೇ ಬೇಡ. ಒಣಗಿದಾಗ ಅದು ಕುಗ್ಗಿ ಅಂಚು ಬಿಡುತ್ತದೆ. ಹಾಕಿದ ನೀರು ಆ ಸಂದಿನಿಂದ ಇಳಿದುಹೋಗುತ್ತದೆ, ಬೇರಿಗೆ ತಲುಪುವುದಿಲ್ಲ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಇವು ಸಮಭಾಗ ಇರಲಿ. ನಾರಿನ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುತ್ತದೆ, ಬುಟ್ಟಿಯೂ ಹಗುರವಾಗುತ್ತದೆ. ಬರೀ ಕೆಮ್ಮಣ್ಣಿನ ಬುಟ್ಟಿ ನೆನೆದಾಗ ಹತ್ತು ಕಿಲೋ ಮೀರುತ್ತದೆಂಬುದನ್ನು ತೊಲೆಗೆ ಕೊಂಡಿ ಹೊಡೆಯುವಾಗ ನೆನಪಿಡಿ. ಹಸಿ ಪುಡಿಯಲ್ಲಿ ಲವಣವೂ ಒಗರೂ ಇರುವುದರಿಂದ ಎರಡು ಮೂರು ಸಲ ತೊಳೆದು ಬಳಸಬೇಕು. ತಂತಿಬುಟ್ಟಿಯ ಒಳಮೈಗೆ ತೂತು ಮಾಡಿದ ಅಡಿಕೆ ಹಾಳೆ ಹಾಸಿದರೆ ಒಂದು ಹಂಗಾಮಿಗೆ ಸಾಕು.

ನೀರು ಬೇಕೇ ಎಂದು ತಿಳಿಯಲು ಬುಟ್ಟಿಯನ್ನು ಅಡಿಯಿಂದ ಅಂಗೈಯಲ್ಲಿ ಎತ್ತಿ ನೋಡಿ, ಹಗುರವಿದ್ದರೆ ಹಾಕಿ. ಪದೇ ಪದೇ ನೀರು ಹಾಕುವುದರಿಂದ ಸಾರ ಬಸಿದುಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಕೊಡಿ.

ಫೆಬ್ರವರಿ ಕಳೆದು ಬಿಸಿಲೇರಿದಾಗ ಪೆಟುನಿಯಾ ಮುಗಿಯುತ್ತದೆ. ಅದನ್ನು ಕಿತ್ತು ತಿಪ್ಪೆಗೆ ಸೇರಿಸಿ, ಅದೇ ಬುಟ್ಟಿಗೆ ಪೋರ್ಟುಲಾಕಾದ ಕಡ್ಡಿಗಳನ್ನು ಊರಬಹುದು. ಅದರ ಎಲೆಯೇ ನೀರಿನ ಚೀಲ. ಬೇಸಿಗೆಯ ಬಿಸಿಲು ಅದಕ್ಕೆ ಪ್ರಿಯ.