ಶೈತ್ಯಾಗಾರದ ಉಪಕರಣಕ್ಕೊಂದು ಹಾಜರಿ

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಅದರ ಕಡುಗೆಂಪು ಬಣ್ಣ. ಬಣ್ಣ ಉಳಿಯಲು ಶೈತ್ಯಾಗಾರದ ತಂಪು ತಪ್ಪಬಾರದು. ತಾಪಮಾನ ತಿಳಿಸುವ ಉಪಕರಣವೇ ಮೌನವಾದರೆ ಗತಿಯೇನು?

ಬಿಟ್‌ಗಳ ಸರದಿ ಸಾಲು ಇದಕ್ಕೆ ಸುಲಭೋಪಾಯ. ಪ್ರತಿ ಗಂಟೆಯೂ ಉಪಕರಣದ ವರದಿ ಬಂದರೆ 1, ಬಾರದಿದ್ದರೆ 0 ಬಲತುದಿಗೆ ಸೇರುತ್ತದೆ; ಎಡತುದಿಯ ಅತಿ ಹಳೆಯ ಅಂಕಿ ಹೊರಬೀಳುತ್ತದೆ. 8 ಗಂಟೆಗಳ ಹಾಜರಿಗೆ ಒಂದೇ ಬೈಟ್ ಸಾಕು. 11111000 ಎಂದಿದ್ದರೆ 3 ಗಂಟೆಗಳಿಂದ ಸುದ್ದಿಯಿಲ್ಲ. ಮೊದಲು ವಿದ್ಯುತ್ ಪೂರೈಕೆಯನ್ನು ನೋಡತಕ್ಕದ್ದು. 10110101ರಲ್ಲಿಯೂ ಹಾಜರಿ ಐದೇ, ಆದರೆ ಇಲ್ಲಿ ಸಡಿಲ ತಂತಿಯ ಶಂಕೆ. ಕೊನೆಯ ವರದಿಯ ವೇಳೆಯನ್ನಷ್ಟೇ ಬರೆದಿಡುವವರಿಗೆ ಈ ಎರಡನೆಯ ದೋಷ ಕಾಣುವುದೇ ಇಲ್ಲ.

1 ಎಂಬುದು ಉಪಕರಣ ವರದಿ ಕಳುಹಿಸಿತೆಂಬುದಕ್ಕೆ ಸಾಕ್ಷಿಯೇ ಹೊರತು ಕೋಣೆ ತಂಪಾಗಿದೆ ಎಂಬುದಕ್ಕಲ್ಲ. ತಾಪಮಾನವನ್ನು ಪ್ರತ್ಯೇಕವಾಗಿಯೇ ಗಮನಿಸಬೇಕು.